ಓದದೆ ಬಿಟ್ಟ ನಾಲ್ಕು ಸಾಲು

ದೊಡ್ಡವ್ವನಿಗೆ ನಾನು ಪತ್ರಿಕೆಯ ನಾಲ್ಕು ಸಾಲು ಓದಿ ಹೇಳಲಿಲ್ಲ. ಮರೆತು ಬಿಟ್ಟದ್ದಲ್ಲ. ಕಣ್ಣಿನಿಂದ ಓದಿದೆ, ಬಾಯಿಂದ ಓದಲಿಲ್ಲ — ಅಷ್ಟಕ್ಕೇ ನಿಲ್ಲಲಿಲ್ಲ, ಆ ನಾಲ್ಕು ಸಾಲಿನ ಜಾಗದಲ್ಲಿ ಪತ್ರಿಕೆಯಲ್ಲಿ ಇಲ್ಲದ್ದೊಂದನ್ನು ಓದಿದೆ. ಕೆಲವು ದಿನ ಬಿಟ್ಟು ಇನ್ನೊಂದು. ನನ್ನ ಡೈರಿಯ ಲೆಕ್ಕದ ಪ್ರಕಾರ ಆಕೆಗೆ ಹೇಳಿದ ಸುಳ್ಳು ಒಟ್ಟು ಒಂಬತ್ತು. ಹತ್ತನೆಯದನ್ನು ನಾನು ಡೈರಿಗೇ ಹೇಳಿದ್ದೆ. ನಿಜಕ್ಕೂ ಅದೇ ಮೊದಲನೆಯದು.

ದೊಡ್ಡವ್ವ ಅಂದರೆ ನಮ್ಮಮ್ಮನ ಅಕ್ಕ, ಗಿರಿಜವ್ವ. ಗಂಡ ತೀರಿಹೋಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ. ಹರಿಹರದಲ್ಲಿ ಹೊಳೆಯ ಕಡೆ ಇಳಿಯುವ ರಸ್ತೆಯಲ್ಲಿ ಆಕೆಯ ಎರಡು ಕೋಣೆಯ ಮನೆ ಇದೆ. ನಾನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಅಪ್ಪ ಅಮ್ಮ ಇರುವ ಲೋಕಿಕೆರೆಯಿಂದ ಅಷ್ಟು ಹೊತ್ತಿಗೆ ಬಸ್ಸು ಸಿಗುವುದಿಲ್ಲ, ಹರಿಹರದಿಂದ ಬೇಕಾದಷ್ಟು. ಹಾಗಾಗಿ ಐದು ವರ್ಷದಿಂದ ದೊಡ್ಡವ್ವನ ಜೊತೆಗಿದ್ದೇನೆ. ಬಾಡಿಗೆ ಅಂತ ಏನೂ ಇಲ್ಲ. ದಿನಾ ಸಂಜೆ ಪತ್ರಿಕೆ ಓದಿ ಹೇಳಬೇಕು, ಅಷ್ಟೇ. ಆಕೆಗೆ ಅಕ್ಷರ ಬರುವುದಿಲ್ಲ. ಆದರೆ ಸುದ್ದಿ ನೆನಪಿಟ್ಟುಕೊಳ್ಳುವುದರಲ್ಲಿ — ನಾನು ಬರೆದಿಟ್ಟುಕೊಂಡು ಮರೆಯುವುದನ್ನು ಆಕೆ ಬರೆಯದೆ ನೆನಪಿಡುತ್ತಾಳೆ.

ಪತ್ರಿಕೆಯನ್ನು ಬೆಳಿಗ್ಗೆ ನಾನು ಬಸ್ಸಿಗೆ ಒಯ್ಯುತ್ತೇನೆ, ಸಂಜೆ ತರುತ್ತೇನೆ. ಕೈಕಾಲು ತೊಳೆದು ಜಗಲಿಯ ಮೇಲೆ ಕೂತು ಓದುತ್ತೇನೆ. ಎದುರುಗಡೆ ಹಿಟ್ಟಿನ ಗಿರಣಿ ನಡೆಸುವ ರುದ್ರವ್ವ ಹುಬ್ಬಿನ ಮೇಲೆ ಹಿಟ್ಟು ಇಟ್ಟುಕೊಂಡೇ ಬಂದು ಕೂರುತ್ತಾಳೆ. ಇನ್ನಿಬ್ಬರು ಮೂವರು ಸೇರುತ್ತಾರೆ. ಆ ಅರ್ಧ ಗಂಟೆ ನನಗೆ ದಿನದ ಬಹಳ ಒಳ್ಳೆಯ ಹೊತ್ತು. ಈಗಲೂ.

ಮೂರು ವರ್ಷದ ಹಿಂದೆ ಒಂದು ಮಂಗಳವಾರ ಮೊದಲ ಪುಟದಲ್ಲಿ ಆ ಸುದ್ದಿ ಬಂತು. ಎಲ್ಲೋ ಹೊರದೇಶದಲ್ಲಿ, ಹಾರುತ್ತಿದ್ದ ವಿಮಾನದೊಳಗೆ ಒಬ್ಬ ಬಾಂಬು ಸಿಡಿಸಲು ನೋಡಿದ. ಬಟ್ಟೆಯೊಳಗೆ ಅಡಗಿಸಿಟ್ಟದ್ದು ಸರಿಯಾಗಿ ಹೊತ್ತಿಕೊಳ್ಳಲಿಲ್ಲ. ಹೊಗೆ ಎದ್ದಿತು, ಪಕ್ಕದಲ್ಲಿದ್ದವರು ಅವನನ್ನು ಅದುಮಿ ಹಿಡಿದರು, ವಿಮಾನ ಕೆಳಗಿಳಿಯಿತು. ಯಾರೂ ಸಾಯಲಿಲ್ಲ.

ನನಗೊಂದು ಅಭ್ಯಾಸವಿದೆ. ದೊಡ್ಡ ಸುದ್ದಿ ಬಂದ ದಿನ ಯಾರು ಏನೆಂದರು ಎಂದು ಡೈರಿಯಲ್ಲಿ ಗೆರೆ ಎಳೆದು ಎಣಿಸುತ್ತೇನೆ. ಲ್ಯಾಬಿನಲ್ಲಿ ರಕ್ತ ಕೊಟ್ಟವರು ಹತ್ತಿ ಒತ್ತಿಕೊಂಡು ಮೊಣಕೈ ಮಡಚಿ ಐದು ನಿಮಿಷ ಕೂರಬೇಕಲ್ಲ, ಆಗ ಬಾಯಿಗೆ ಬಿಡುವಿರುತ್ತದೆ. ಆ ಮಂಗಳವಾರ ಲ್ಯಾಬು, ಬಸ್ಸು, ಜಗಲಿ ಎಲ್ಲ ಸೇರಿ ಇಪ್ಪತ್ತೊಂದು ಮಂದಿ ಆ ವಿಷಯ ಮಾತಾಡಿದರು. ಗಲ್ಲು ಅಂದವರು ಹನ್ನೆರಡು. ಹಿಡಿದವರು ಅಲ್ಲೇ ಮುಗಿಸಬೇಕಿತ್ತು ಅಂದವರು ನಾಲ್ಕು. ಇದೆಲ್ಲ ನಾಟಕ ಅಂದವರು ಮೂರು. ನಮಗ್ಯಾಕೆ ಅಂದವರು ಎರಡು. ಆನೆಕೊಂಡದಿಂದ ಸಕ್ಕರೆ ಪರೀಕ್ಷೆಗೆ ಬಂದಿದ್ದ ಹಿರಿಯರೊಬ್ಬರು, "ನನ್ನ ರಕ್ತ ಯಾಕ ತಗೀತೀರಿ, ಅವಂದು ತಗೀರಿ, ಎಷ್ಟ್ ಬೇಕಾದ್ರೂ ತಗೀರಿ" ಅಂದರು. ಅವರನ್ನು ಯಾವ ಸಾಲಿಗೆ ಹಾಕುವುದೆಂದು ತಿಳಿಯದೆ ಗಲ್ಲಿನ ಸಾಲಿಗೆ ಹಾಕಿದೆ.

ಸಂಜೆ ಜಗಲಿಯ ಮೇಲೆ ಓದಿದಾಗ ರುದ್ರವ್ವ ಕೇಳಿದಳು, "ಹೊತ್ತಿಕೊಳ್ಳಲಿಲ್ಲಂತೇನು?"

"ಇಲ್ಲಂತೆ. ಬರೀ ಹೊಗೆ."

"ನಮ್ಮನಿ ಒಲಿ ಇದ್ದಂಗೈತೆ ಬಿಡು." ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಅಲ್ಲ, ಅವನ್ನ ಕೆಳಗ ಯಾಕ ಇಳಿಸಿದ್ರು ಅಂತೀನಿ. ಮ್ಯಾಲೆ ಬಾಗಿಲು ತೆಗೆದು ಬಿಟ್ಟುಬಿಡಬೇಕಿತ್ತು."

"ಬಾಗಿಲು ತೆಗೆದ್ರೆ ಉಳಿದೋರ ಗತಿ ಏನಾಗಬೇಕು ರುದ್ರವ್ವ?" ಅಂದಳು ದೊಡ್ಡವ್ವ. "ಅದೇನ್ ನಿನ್ನ ಗಿರಣಿ ಬಾಗಿಲೇನು?"

ಆ ಸುದ್ದಿ ನಮ್ಮಿಬ್ಬರಿಗೆ ಬರೀ ಸುದ್ದಿಯಾಗಿರಲಿಲ್ಲ. ಮುಂದಿನ ಭಾನುವಾರ ನಾವು ವಿಮಾನದ ಟಿಕೆಟ್ ಮಾಡಿಸಬೇಕಿತ್ತು. ಇಬ್ಬರಿಗೂ ಅದು ಮೊದಲ ಸಲ.

ಹೋಗಬೇಕಿದ್ದದ್ದು ಇಂದೋರಿಗೆ, ತಾರಕ್ಕನ ಮನೆಗೆ. ದೊಡ್ಡವ್ವ ಹುಟ್ಟಿ ಬೆಳೆದದ್ದು ಆನೆಕೊಂಡದಲ್ಲಿ. ತಾರಕ್ಕ ಪಕ್ಕದ ಮನೆಯವಳು. ಇಬ್ಬರ ಅಪ್ಪಂದಿರೂ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಒಂದೇ ಪಾಳಿಯಲ್ಲಿ ದುಡಿದವರು. ತಾರಕ್ಕನ ಗಂಡನೂ ಮಿಲ್ಲಿನವನೇ. ಮಿಲ್ಲು ಮುಚ್ಚಿದಾಗ ಅಲ್ಲಿ ಕೆಲಸವಿದೆಯೆಂದು ಯಾರೋ ಹೇಳಿ ಇಂದೋರಿಗೆ ಹೋದ. ಅಲ್ಲಿ ಅವರು ಒಂದೊಂದೇ ಕೋಣೆ ಸೇರಿಸುತ್ತ ಒಂದು ಮನೆ ಕಟ್ಟಿಕೊಂಡರು. ಆ ಮನೆ ಕಟ್ಟುವುದನ್ನು ದೊಡ್ಡವ್ವ ಫೋನಿನಲ್ಲೇ ಕೇಳಿದ್ದಳು. ಅಡುಗೆಮನೆಗೆ ಎರಡು ಕಿಟಕಿ. ಹಿತ್ತಲಲ್ಲಿ ಒಂದು ಪೇರಲೆ ಗಿಡ. ನಲ್ಲಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು — ಅದನ್ನು ಆನೆಕೊಂಡದ್ದರ ಹಾಗೇ ಇರಲಿ ಎಂದು ತಾರಕ್ಕ ಹಠ ಹಿಡಿದು ಇಳಿಜಾರಾಗಿ ಹಾಕಿಸಿದ್ದಳಂತೆ. "ಒಂದ್ ಸಲ ಬಂದು ನೋಡೇ ಗಿರ್ಜಿ" ಎಂದು ತಾರಕ್ಕ ಕರೆಯದ ಹಬ್ಬವಿಲ್ಲ. ದೊಡ್ಡವ್ವನ ಸೊಂಟಕ್ಕೆ ಎರಡು ರೈಲು ಬದಲಿಸುವ ಪ್ರಯಾಣ ಆಗದು. ನಾನೇ ಒಂದು ದಿನ, "ವಿಮಾನದಲ್ಲಿ ಹೋದ್ರೆ ಬೆಂಗಳೂರಿಂದ ಎರಡು ತಾಸು, ನಾನೇ ಕರ್ಕೊಂಡು ಹೋಗ್ತೀನಿ" ಅಂದುಬಿಟ್ಟಿದ್ದೆ. ಬಾಯಿಮಾತಿಗೆ ಅಂದದ್ದು. ಆಕೆ ಅದನ್ನು ಹಿಡಿದುಕೊಂಡು ಹೊಸ ಸೀರೆಗೆ ಫಾಲ್ ಹಚ್ಚಿಸಿ ತಂದಿಟ್ಟಳು.

ಆ ಮಂಗಳವಾರ ಡೈರಿಯಲ್ಲಿ ಇನ್ನೊಂದು ಲೆಕ್ಕವನ್ನೂ ಬರೆದೆ. 'ವಿಮಾನ ಅಂದರೆ ಹೆದರಿಕೆ ಅಂದವರು: ಒಂಬತ್ತು. ಹೆದರದವರು: ಇಬ್ಬರು — ದೊಡ್ಡವ್ವ, ನಾನು.'

ಆಕೆಯ ಹೆಸರು ಸರಿಯಾದ ಸಾಲಿನಲ್ಲಿತ್ತು. ನನ್ನದು ಅಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಆ ಸುದ್ದಿ ಓದಿದಾಗಿನಿಂದ, ಪಕ್ಕದ ಸೀಟಿನಿಂದ ಹೊಗೆ ಏಳುವುದೇ ಕಣ್ಣಮುಂದೆ. ಎರಡು ಸಲ ರಕ್ತನಾಳ ತಪ್ಪಿ, ಆ ದಿನ ಒಬ್ಬ ಹೆಂಗಸಿಗೆ ಮೂರು ಕಡೆ ಚುಚ್ಚಿದೆ. ಆದರೂ ಬರೆಯುವಾಗ — ಯಾರೂ ನೋಡದ, ನಾನೇ ನನಗೆ ಬರೆದುಕೊಳ್ಳುವ ಪುಸ್ತಕ ಅದು — ಅಲ್ಲೂ ನಾನು ಧೈರ್ಯವಂತೆಯಾಗಿ ಕಾಣಬೇಕಿತ್ತು. ಯಾರಿಗೆ ಕಾಣಬೇಕಿತ್ತು ಅಂತ ಕೇಳಿದರೆ...

ನನ್ನನ್ನು ಆಗ ಉಳಿಸಿದವಳು ದೊಡ್ಡವ್ವನೇ. ಶನಿವಾರ ಸಂಜೆ ಆಕೆ ಅಂದಳು, "ಟಿಕೀಟು ಈಗ ಬ್ಯಾಡವ್ವ ಸುಮಾ. ಅವನ ನ್ಯಾಯ ತೀರ್ಮಾನ ಆಗ್ಲಿ, ಆಮ್ಯಾಲೆ ಹೋಗಾಣ."

"ಹೆದರಿಕೆನಾ ದೊಡ್ಡವ್ವ?"

"ಹೆದರಿಕೆ ಯಾಕ? ಸಾಯೋದಿದ್ರೆ ಇಲ್ಲೇ ಬಚ್ಚಲದಾಗ ಜಾರಿ ಬಿದ್ರೂ ಸಾಯ್ತೀನಿ. ಅದಲ್ಲ. ಆನೆಕೊಂಡದಾಗ ನಮ್ಮಪ್ಪನ ಕಾಲಕ್ಕೆ ಬಂಡಿ ದಾರ್ಯಾಗ ಹೊಡೆದಾಟ ಆಗಿ ರಕ್ತ ಬಿದ್ರೆ, ಹಿರೇರು ಕೂತು ನ್ಯಾಯ ಮುಗ್ಸೋತನಕ ಆ ದಾರಿ ಹಿಡಿದು ಯಾರೂ ಶುಭಕ್ಕ ಹೋಗ್ತಿರಲಿಲ್ಲ. ಮದುವಿ ದಿಬ್ಬಣ ಇದ್ರೂ ಸುತ್ತು ಹಾಕ್ಕೊಂಡು ಹೋಗ್ತಿತ್ತು. ತಪ್ಪು ಮಾಡಿದೋನಿಗೂ ಒಂದು ಮರ್ಯಾದಿ, ಪೆಟ್ಟು ತಿಂದೋನಿಗೂ ಒಂದು ಮರ್ಯಾದಿ. ಅದೂ ಒಂದು ದಾರೀನೇ ಅಲ್ಲೇನು, ಮ್ಯಾಲಿಂದು?"

"ಅದು ಯಾವ ದೇಶದ್ದೋ ವಿಮಾನ ದೊಡ್ಡವ್ವ. ನಮ್ಮ ದಾರಿ ಬೇರೆ."

"ಆಕಾಶದಾಗ ಬೇಲಿ ಹಾಕ್ಯಾರೇನು?"

ನಿಜ ಹೇಳಬೇಕೆಂದರೆ ನಾನು ವಾದ ಮುಂದುವರಿಸಲು ನೋಡಲೇ ಇಲ್ಲ. ಮೈ ಹಗುರಾಗಿತ್ತು.

ಅಂದಿನಿಂದ ಆ ಮೊಕದ್ದಮೆ ನಮ್ಮ ಜಗಲಿಯ ಮೊಕದ್ದಮೆಯಾಯಿತು. ವಿಚಾರಣೆಯ ಸುದ್ದಿ ಬಂದಾಗಲೆಲ್ಲ ಓದುತ್ತಿದ್ದೆ, ಎಣಿಸುತ್ತಿದ್ದೆ. ಮೊದಲ ದಿನ ಇಪ್ಪತ್ತೊಂದು ಮಂದಿ. ಅವನನ್ನು ಕೋರ್ಟಿಗೆ ತಂದ ದಿನ ಎಂಟು. ಸಾಕ್ಷಿಗಳು ಹೇಳಿಕೆ ಕೊಟ್ಟ ವಾರ ಮೂರು. ಸುದ್ದಿ ಮೊದಲ ಪುಟದಿಂದ ಒಳಗೆ ಸರಿಯಿತು, ಒಳಗಿನಿಂದ ಮೂಲೆಗೆ ಸರಿಯಿತು. ಗಲ್ಲು, ಗಲ್ಲು ಎಂದವರಿಗೆ ಬೇರೆ ಬೇರೆ ಗಲ್ಲಿನ ಸುದ್ದಿಗಳು ಬಂದವು. ಕೊನೆಗೆ ನನ್ನ ಸಾಲಿನಲ್ಲಿ ಉಳಿದದ್ದು ಒಂದೇ ಗೆರೆ — ದೊಡ್ಡವ್ವನದು. "ಆ ವಿಮಾನದೋನು ಏನಾದ?" ಎಂದು ಕೇಳುವವಳು ಈ ಎರಡು ಊರುಗಳಲ್ಲಿ ನನಗೆ ತಿಳಿದಂತೆ ಆಕೆ ಒಬ್ಬಳೇ. ಅವಳಿಗೆ ಸಿಟ್ಟಿರಲಿಲ್ಲ. ನ್ಯಾಯ ಮುಗಿಯಬೇಕಿತ್ತು, ಅಷ್ಟೇ.

ಮುಗಿಯಿತು. ಮರುವರ್ಷ, ಗಣೇಶನ ಹಬ್ಬ ಕಳೆದ ಮೇಲಿನ ಒಂದು ಶುಕ್ರವಾರ. ಒಳಪುಟದ ಕೆಳಗಿನ ಮೂಲೆಯಲ್ಲಿ ನಾಲ್ಕು ಸಾಲು. ಅಪರಾಧ ಸಾಬೀತಾಗಿದೆ, ಜೀವಾವಧಿ ಶಿಕ್ಷೆ. ದೊಗ್ಗಳ್ಳಿಯೋ ಯಾವುದೋ ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಪಕ್ಕದಲ್ಲಿದ್ದವರು ಕಿಟಕಿಯಿಂದ ಸೌತೆಕಾಯಿ ಕೊಳ್ಳುತ್ತಿದ್ದರು. ಲ್ಯಾಬಿನಲ್ಲಿ ಜೊತೆಯವಳಿಗೆ, "ಆ ವಿಮಾನದವನಿಗೆ ಶಿಕ್ಷೆ ಆಯ್ತು" ಅಂದೆ. "ಯಾವ ವಿಮಾನ?" ಅಂದಳು.

ಯಾರಿಗೂ ನೆನಪಿಲ್ಲ. ಹಾಗಾದರೆ ಯಾರೂ ಹೇಳುವುದಿಲ್ಲ — ಆ ಯೋಚನೆ ಬಂದದ್ದು ಆಗಲೇ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಲ್ಯಾಬಿನ ಕತ್ತರಿಯಿಂದ ಆ ನಾಲ್ಕು ಸಾಲನ್ನು ನೀಟಾಗಿ ಕತ್ತರಿಸಿ ಡೈರಿಗೆ ಅಂಟಿಸಿದೆ. ಎಸೆಯಲಿಲ್ಲ. ನಾನು ಯಾವುದನ್ನೂ ಎಸೆಯುವವಳಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಇದು ತಮಾಷೆಯಂತೆ ಕಾಣುತ್ತದೆ. ಅದಕ್ಕೆ ಒಂದು ವಾರ ಮೊದಲು ತಾರಕ್ಕ ಫೋನು ಮಾಡಿದ್ದಳು. ಸ್ಪೀಕರ್ ಹಾಕಿ ಹಿಡಿದುಕೊಂಡವಳು ನಾನೇ. "ಲೇ ಗಿರ್ಜಿ, ದೀಪಾವಳಿ ಒಳಗ ಬಾರೇ. ಮನಿ ಮಾರಿದ್ವಿ. ಮೆಟ್ಟಲು ಹತ್ತಾಕ ಆಗವಲ್ದು, ಮಗನ ಫ್ಲಾಟಿಗೆ ಹೋಗ್ತೀವಿ. ಆಮ್ಯಾಲೆ ಬಂದ್ರೆ ಏನ್ ತೋರಿಸ್ಲಿ ನಿನಗ?" ದೊಡ್ಡವ್ವ, "ಇನ್ನೇನ್ ಮುಗೀತದ ಬಿಡೇ ನ್ಯಾಯ, ಬರ್ತೀನಿ" ಅಂದಿದ್ದಳು. ದಿನ ಎಷ್ಟು ಉಳಿದಿವೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕತ್ತರಿಸಿದೆ.

ಸಂಜೆ ಪತ್ರಿಕೆ ಬಿಡಿಸಿದಾಗ ದೊಡ್ಡವ್ವ ತೂತಿನಿಂದ ಆಚೆಗೆ ನನ್ನ ಮುಖ ನೋಡಿದಳು. "ಇದೇನೇ ಇಲ್ಲಿ ಕಿಟಕಿ ತೆಗೆದೀ?"

"ಕೆಲಸದ ಜಾಹೀರಾತು ಇತ್ತು. ಕತ್ತರಿಸಿಕೊಂಡೆ."

"ಚಲೋ ಆತು." ಮಾರನೆಯ ದಿನ ದೇವಸ್ಥಾನಕ್ಕೆ ಹೋಗಿ ನನ್ನ ಹೊಸ ಕೆಲಸಕ್ಕಾಗಿ ಕಾಯಿ ಒಡೆಸಿ ಬಂದಳು. ಪ್ರಸಾದ ತಿಂದೆ.

ಪತ್ರಿಕೆ ಕತ್ತರಿಸಿದ ಸಂಜೆಯೇ ಕೇಳಿದ್ದಳು, "ಆ ವಿಮಾನದೋನು?"

"ಮುಂದಕ್ಕೆ ಹಾಕ್ಯಾರಂತೆ ದೊಡ್ಡವ್ವ" ಎಂದು ಪತ್ರಿಕೆ ನೋಡುತ್ತ ಓದಿದಂತೆ ಹೇಳಿದೆ.

ಅವಳಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಹಿತ್ತಲ ಗೋಡೆಯ ವ್ಯಾಜ್ಯಕ್ಕಾಗಿ ಎಂಟು ವರ್ಷ ಕೋರ್ಟಿಗೆ ಅಲೆದವಳು. "ಜಡ್ಜ್ ಸಾಹೇಬ್ರಿಗೆ ಆರಾಮಿಲ್ಲಂತೇನು?" ಎಂದು ಕಾರಣವನ್ನೂ ಆಕೆಯೇ ಕೊಟ್ಟಳು. ನಾನು ಹೂಂ ಅಂದೆ. ಎರಡನೆಯ ಸಲ, "ವಕೀಲ ಬದಲಾದ್ನೇನು?" ಅದಕ್ಕೂ ಹೂಂ. ಏಳು ಸಲ ಮುಂದಕ್ಕೆ ಹಾಕಿದೆ. ನಮ್ಮ ಗೋಡೆಯ ವ್ಯಾಜ್ಯದಲ್ಲಿ ನಡೆದದ್ದೆಲ್ಲ ಹೊರದೇಶದ ಆ ಕೋರ್ಟಿನಲ್ಲೂ ನಡೆಯಿತು.

ನಾನು ಎಣಿಸದೇ ಇದ್ದ ಒಂದು ಬದಲಾವಣೆಯೂ ಆಯಿತು. ಶಿಕ್ಷೆ ತಡವಾದಷ್ಟೂ ಜಗಲಿಯ ಮಾತು ಮೆತ್ತಗಾಯಿತು. "ಅವನ ತಾಯಿ ಎಷ್ಟ್ ಸಲ ಕೋರ್ಟ್ ಮೆಟ್ಟಲು ಹತ್ತಿ ಇಳಿದ್ಲೋ" ಎಂದು ದೊಡ್ಡವ್ವ ಒಂದು ದಿನ ಅಂದಳು. ಬಾಗಿಲು ತೆಗೆದು ಬಿಡಬೇಕಿತ್ತು ಅಂದಿದ್ದ ರುದ್ರವ್ವನೇ, "ಏನೋ ಒಂದು ತೀರ್ಸಿಬಿಡ್ಲಿ ಪಾಪ. ಹಿಂಗ ತೂಗಾಕಬಾರ್ದು ಮನುಷ್ಯಾನ್ನ" ಅಂದಳು. ನನ್ನ ಸುಳ್ಳಿನಿಂದ ಅವರಿಬ್ಬರೂ ಇನ್ನಷ್ಟು ಒಳ್ಳೆಯವರಾದರಲ್ಲ ಎಂದು ಆಗ ಸಮಾಧಾನ ಮಾಡಿಕೊಂಡಿದ್ದೆ — ಈಗ ಅದನ್ನು ಬರೆಯಲೂ ನಾಚಿಕೆಯಾಗುತ್ತದೆ. ಅವರು ಮೊದಲೇ ಒಳ್ಳೆಯವರು. ಇಲ್ಲದ ತಾಪತ್ರಯಕ್ಕೆ ಅವರು ಮರುಗುವಂತೆ ಮಾಡಿದವಳು ನಾನು.

ದೀಪಾವಳಿ ಬಂತು, ಹೋಯಿತು. ತಾರಕ್ಕ ಬೀಗದ ಕೈ ಕೊಟ್ಟೆವೆಂದು ಫೋನಿನಲ್ಲಿ ಹೇಳಿದಳು. ದೊಡ್ಡವ್ವ, "ನ್ಯಾಯ ಮುಗೀಲಿಲ್ಲೇ ತಾರಿ" ಅಂದಳು. ಅಷ್ಟೇ. ಸೀರೆಯನ್ನು ಟ್ರಂಕಿನ ಅಡಿಗೆ ಇಟ್ಟಳು. ಆಮೇಲೆ ಒಂದು ದಿನವೂ ಆ ಮೊಕದ್ದಮೆಯ ಸುದ್ದಿ ಕೇಳಲಿಲ್ಲ. ಅವಳ ಗೆರೆಯೂ ನಿಂತ ಮೇಲೆ ನನ್ನ ಪುಟ ಖಾಲಿಯಾಯಿತು.

ಹೋದ ತಿಂಗಳು ತಾರಕ್ಕನೇ ಬಂದಳು. ಎರಡು ರೈಲು ಬದಲಿಸಿ, ಊದಿದ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಮೊಮ್ಮಗಳ ಕೈ ಹಿಡಿದು ಹರಿಹರದ ಸ್ಟೇಷನ್ನಿನಲ್ಲಿ ಇಳಿದಳು. ಇಳಿಯುತ್ತಲೇ ದೊಡ್ಡವ್ವನಿಗೆ, "ನೀನು ಬರ್ತೀ ಬರ್ತೀ ಅಂತ ಕಾದು ಕಾದು ನನ್ನ ಕಾಲೇ ಹೊಂಟು ಬಂತು ನೋಡು" ಅಂದಳು. ದೊಡ್ಡವ್ವ, "ಕಾಲು ಬಂದೈತೆ ಸರಿ, ಬಾಯೀನೂ ತಂದೀ ಏನು?" ಅಂದಳು. ಪ್ಲಾಟ್‌ಫಾರಮ್ಮಿನ ಮೇಲೆ ಇಬ್ಬರೂ ನಕ್ಕ ನಗುವಿಗೆ ಹಮಾಲಿಯೊಬ್ಬ ತಿರುಗಿ ನೋಡಿದ.

ಹತ್ತು ದಿನ ಇದ್ದಳು. ಮೂರನೆಯ ದಿನ ಸಂಜೆ ನಾನು ಬಸ್ಸಿಳಿದು ಬರುವ ಹೊತ್ತಿಗೆ ನಮ್ಮ ಅಂಗಳದಲ್ಲಿ ತಾರಕ್ಕ ಬಗ್ಗಿ ರಂಗೋಲಿ ಹಾಕುತ್ತಿದ್ದಳು. ಹೂವಲ್ಲ, ಬಳ್ಳಿಯಲ್ಲ — ಉದ್ದುದ್ದ ಗೆರೆಗಳು. ಮನೆ. ಮಾರಿದ ಆ ಮನೆ. ದೊಡ್ಡವ್ವ ಚಪ್ಪಲಿ ಬಿಟ್ಟು ಹೊರಗೆ ನಿಂತಿದ್ದಳು.

"ಇದು ಬಾಗಿಲು. ಬಾ ಒಳಗ. ತಲಿ ಬಗ್ಗಿಸು, ಚೌಕಟ್ಟು ಗಿಡ್ಡ."

ದೊಡ್ಡವ್ವ ಬಯಲಿನಲ್ಲಿ ತಲೆ ಬಗ್ಗಿಸಿ ಒಳಗೆ ಹೋದಳು. ಅಡುಗೆಮನೆ ನೋಡಿದಳು. ಎರಡು ಕಿಟಕಿ ಎಣಿಸಿದಳು. "ಒಗಿಯೋ ಕಲ್ಲೆಲ್ಲಿ?" ಎಂದು ಕೇಳಿ, ಗೆರೆ ತುಳಿಯದಂತೆ ಹಿತ್ತಲಿಗೆ ಹೋಗಿ, ಇಳಿಜಾರು ಯಾವ ಕಡೆಗೆ ಎಂದು ವಿಚಾರಿಸಿದಳು. ರುದ್ರವ್ವ ಗಿರಣಿ ಬಿಟ್ಟು ಬಂದು, "ನನ್ನೂ ಒಳಗ ಕರೀರಿ" ಅಂದರೆ ತಾರಕ್ಕ, "ಹಿಟ್ಟು ಜಾಡಿಸ್ಕೊಂಡು ಬರ್ರಿ, ಈಗಷ್ಟೇ ಕಸ ಹೊಡೆದೀನಿ" ಅಂದಳು. ಅಷ್ಟು ಸಂತೋಷವಾಗಿದ್ದ ಸಂಜೆ ನಮ್ಮ ಅಂಗಳಕ್ಕೆ ಬಂದದ್ದು ನನ್ನ ಡೈರಿಯಲ್ಲಿ ಬೇರೆ ಇಲ್ಲ.

"ನಾನು ಬಂದಿದ್ರೆ ಎಲ್ಲಿ ಮಲಗಿಸ್ತಿದ್ದಿ?" ಎಂದು ದೊಡ್ಡವ್ವ ಕೇಳಿದಳು.

"ಇಲ್ಲಿ. ಕಿಟಕಿ ಬುಡಕ್ಕ."

"ಹಂಗಾರ ಸುಮಾ ಇಲ್ಲಿ ಕೂರ್ಲಿ, ನನ್ನ ಪಕ್ಕಕ್ಕ. ಬಾರೇ ಸುಮಾ, ಪೇಪರು ಓದು."

ಕೈಯಲ್ಲಿ ಪತ್ರಿಕೆ ಹಿಡಿದು ನಾನು ಬಾಗಿಲ ಗೆರೆಯ ಹೊರಗೆ ನಿಂತಿದ್ದೆ. ಒಳಗೆ ಹೋಗಲಿಲ್ಲ. ತಾರಕ್ಕ ಅಂದಳು, "ಫ್ಲಾಟ್ ಆದ್ರೇನು ಗಿರ್ಜಿ, ಅದೂ ಮನೀನೇ. ಬಾ ಒಂದ್ ಸಲ." ಆಗ ದೊಡ್ಡವ್ವ ಎಷ್ಟೋ ತಿಂಗಳ ಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಅವನ್ದು ಏನಾರ ಆತೇನೇ ಸುಮಾ?"

"ನೋಡಿ ಹೇಳ್ತೀನಿ ದೊಡ್ಡವ್ವ" ಅಂದೆ. ಅದು ಒಂಬತ್ತನೆಯದು.

ತಾರಕ್ಕ ಹೊರಟು ಮೂರು ದಿನವಾಯಿತು. ಅಂಗಳ ಗುಡಿಸುವಾಗ ದೊಡ್ಡವ್ವ ಆ ಗೆರೆಗಳ ಸುತ್ತ ಗುಡಿಸುತ್ತಾಳೆ. ಒಗೆಯುವ ಕಲ್ಲಿನ ಮೂಲೆ ಇನ್ನೂ ಅಳಿಸಿಲ್ಲ. ನಿನ್ನೆ ಡೈರಿಯ ಆ ಮಂಗಳವಾರದ ಪುಟ ತೆಗೆದು, ಹೆದರದವರ ಸಾಲಿನಿಂದ ನನ್ನ ಹೆಸರು ಹೊಡೆದು ಹಾಕಿದೆ. ಹೆದರಿದವರು ಹತ್ತು, ಹೆದರದವರು ಒಬ್ಬರು. ಲೆಕ್ಕ ಸರಿಯಾಯಿತು. ತಾರಕ್ಕನ ಮನೆ ತಿರುಗಿ ಬರಲಿಲ್ಲ. ಹೆದರಿದ್ದು ತಪ್ಪಲ್ಲ ಎಂದು ಯಾರಾದರೂ ಹೇಳಬಹುದು. ಹೆದರಿದ್ದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಹೆದರಿದ್ದೇನೆ ಎಂದು ಆಕೆಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು — ಅಮ್ಮನನ್ನೋ ಇನ್ಯಾರನ್ನೋ ಜೊತೆ ಮಾಡಿಕೊಂಡು ಹೋಗಿ ಬರುತ್ತಿದ್ದಳು, ಬಂದು ನನ್ನನ್ನು ಆಡಿಕೊಂಡು ನಗುತ್ತಿದ್ದಳು.

ನೀವು ಇದನ್ನು ಓದುವ ಹೊತ್ತಿಗೆ ಆಕೆ ಇದನ್ನು ಕೇಳಿಸಿಕೊಂಡಿರುತ್ತಾಳೆ. ಆಕೆಗೆ ಅಕ್ಷರ ಬರದು. ಸುಳ್ಳು ಓದಿದ ಬಾಯಿಂದಲೇ ಇದನ್ನೂ ಕೇಳಬೇಕು, ಬೇರೆ ದಾರಿಯಿಲ್ಲ. ಇಂದು ಸಂಜೆ ಕೈಕಾಲು ತೊಳೆದು ಜಗಲಿಯ ಮೇಲೆ ಕೂರುತ್ತೇನೆ. ರುದ್ರವ್ವನೂ ಇರಲಿ. ಮೊದಲು ಡೈರಿಗೆ ಅಂಟಿಸಿದ ಆ ನಾಲ್ಕು ಸಾಲು ಓದುತ್ತೇನೆ. ಆಮೇಲೆ ಇದನ್ನು, ಮೊದಲಿನಿಂದ. ಕತ್ತರಿ ಮುಟ್ಟಿದ ಕಡೆ ದನಿ ಇಳಿಸುವುದಿಲ್ಲ. ದೇವಸ್ಥಾನದ ಕಾಯಿಯ ಮಾತು ಬಂದಾಗ ಬೇಗ ಬೇಗ ಓದುವುದಿಲ್ಲ. ದೊಡ್ಡವ್ವ ನಡುವೆ ಎದ್ದು ಒಳಗೆ ಹೋದರೆ, ತಿರುಗಿ ಬಂದು ಕೂರುವವರೆಗೆ ಕಾಯುತ್ತೇನೆ. ಒಂದು ಸಾಲನ್ನೂ ಬಿಡುವುದಿಲ್ಲ.